ಮಿಸ್ ಗಾರ್ಬಟ್ ಮುಗಿಸಲಾರದ ಕೊಲೆ

ಮಿಸ್ ಆಡ್ರಿ ಗಾರ್ಬಟ್ ಅವರನ್ನು ನಾನು ಮೊದಲು ನೋಡಿದಾಗ ಅವರು ತಮ್ಮ ಅಡುಗೆಮನೆಯ ನೆಲದ ಮೇಲೆ ಅಂಗಾತ ಬಿದ್ದಿದ್ದರು. ಒಂದು ಕೈ ಮೇಜಿನ ಕಾಲನ್ನು ಹಿಡಿದಿತ್ತು, ಕಣ್ಣು ಅಲುಗುತ್ತಿರಲಿಲ್ಲ. ನನ್ನ ಕೈಯಲ್ಲಿದ್ದ ಚೀಲ ಜಾರಿ ಬಿತ್ತು.

"ಕಿರುಚಬೇಡಿ, ಸತ್ತಿಲ್ಲ," ಎಂದರು. "ಇಲ್ಲಿ ಬಿದ್ದವನಿಗೆ ಹಿಂದಿನ ಬಾಗಿಲು ಕಾಣುತ್ತಾ ಅಂತ ನೋಡ್ತಿದ್ದೆ. ಕಾಣಲ್ಲ. ಎರಡು ಅಧ್ಯಾಯ ಹಾಳಾಯ್ತು. ಇಸ್ತ್ರಿಗೆ ಬಂದವರು ನೀವೇನಾ?"

"ಹೌದು ಮಿಸ್. ಮೊದಲು ಎದ್ದೇಳಿ, ನೆಲ ತಣ್ಣಗಿದೆ, ಬೆನ್ನು ಹಿಡ್ಕೊಳ್ಳುತ್ತೆ."

ಕಡಲ ದಡದ ನಮ್ಮ ಊರು ಫೈಲಿಯಲ್ಲಿ ಸೋಮವಾರ ಒಗೆತ, ಮಂಗಳವಾರ ಇಸ್ತ್ರಿ. ಅದರ ಹಿಂದಿನ ಚಳಿಗಾಲ ನನ್ನ ಗಂಡನ ದೋಣಿ ಸಮುದ್ರದಿಂದ ವಾಪಸು ಬಂದಿರಲಿಲ್ಲ. ಹಾಗಾಗಿ ಬೇರೆಯವರ ಮನೆಯ ಬಟ್ಟೆಗೆ ಇಸ್ತ್ರಿ ಹಾಕಲು ಹೊರಟಿದ್ದೆ. ಮಿಸ್ ಗಾರ್ಬಟ್ ಇದೇ ಊರಿನ ಶಾಲೆಯ ಮೇಷ್ಟರ ಮಗಳು. ಮದುವೆಯಾಗಿರಲಿಲ್ಲ. ಕೊಲೆಯ ಪುಸ್ತಕ ಬರೆಯುತ್ತಿದ್ದರು, ಲಂಡನ್ನಿನವರು ಅಚ್ಚು ಹಾಕುತ್ತಿದ್ದರು. ನಾನು ಅಲ್ಲಿ ಕೆಲಸಕ್ಕೆ ಸೇರಿದೆ ಅಂದಾಗ ಮೀನಂಗಡಿಯ ಡೋರಿಸ್ ನಕ್ಕಳು. "ಅಲ್ಲಿ ಟೀ ಕುಡೀಬೇಡ ಕಣೇ ನೋರಾ. ಯಾವ ಕಪ್ಪಲ್ಲಿ ಏನು ಕಲಸಿರ್ತಾಳೋ!"

ನನಗೆ ಓದು ಅಷ್ಟಕ್ಕಷ್ಟೇ. ಸಾಲಿನ ಕೆಳಗೆ ಬೆರಳಿಟ್ಟು ನಿಧಾನಕ್ಕೆ ಹೋಗಬೇಕು. ಇದು ಗೊತ್ತಾದಾಗ ಮಿಸ್ ಗಾರ್ಬಟ್ ಖುಷಿಪಟ್ಟರು. "ಓದೋರು ಕಳ್ಳರು, ಕೊನೇ ಪುಟಕ್ಕೆ ಹಾರ್ತಾರೆ. ನೀವು ಹಾರೋಕಾಗಲ್ಲ." ಅಂದಿನಿಂದ ನಾನು ಇಸ್ತ್ರಿ ಹಾಕುವುದು, ಅವರು ಬರೆದದ್ದನ್ನು ಗಟ್ಟಿಯಾಗಿ ಓದುವುದು. ಕೊನೆಯ ಅಧ್ಯಾಯಕ್ಕೆ ಮುಂಚೆ ನಿಲ್ಲಿಸಿ ಕೇಳುತ್ತಿದ್ದರು: "ಹೇಳಿ, ಯಾರು?" ನಾನು ತಪ್ಪು ಹೇಳಿದರೆ ಪುಸ್ತಕ ಲಂಡನ್ನಿಗೆ ಹೋಗುತ್ತಿತ್ತು. ಸರಿ ಹೇಳಿದರೆ ಎಲ್ಲವನ್ನೂ ಹೊಸದಾಗಿ ಬರೆಯುವುದು ಅವರ ಪದ್ಧತಿ.

ಮೊದಮೊದಲು ನಾನು ಹೇಳಿದ್ದೆಲ್ಲ ತಪ್ಪೇ. ಯಾವ ಕಥೆಯಾದರೂ ಆಸ್ತಿಗೆ ಕಾದಿರುವ ಸೋದರಳಿಯನ ಮೇಲೆಯೇ ನನ್ನ ಕಣ್ಣು.

"ಮತ್ತೆ ಅವನೇನಾ? ಪಾಪ, ಆ ಹುಡುಗನನ್ನ ಇನ್ನೆಷ್ಟು ಸಲ ನೇಣಿಗೆ ಹಾಕ್ತೀರಿ, ಮಿಸೆಸ್ ಕ್ಯಾಪಲ್‌ಮನ್!"

ವರ್ಷಗಳು ಕಳೆದವು. ನಾನು ಜಾಣೆಯಾಗಲಿಲ್ಲ, ಮಿಸ್ ಗಾರ್ಬಟ್ ನನಗೆ ರೂಢಿಯಾದರು, ಅಷ್ಟೆ. ಯಾರನ್ನು ಗಲ್ಲಿಗೆ ಕಳಿಸಬೇಕೋ ಅವರ ಮೇಲೆ ಇವರಿಗೆ ಮೊದಲೇ ಕನಿಕರ. ಕಥೆಯಲ್ಲಿ ಆ ಪಾತ್ರಕ್ಕೊಂದು ಬೆಚ್ಚನೆಯ ಶಾಲು ಕೊಡುವರು, ಇಲ್ಲವೇ ಬಾಗಿಲಿಗೆ ಓಡಿಬರುವ ನಾಯಿ. ಆ ಸಾಲು ಓದುವಾಗ ದನಿ ಸ್ವಲ್ಪ ಇಳಿಯುತ್ತಿತ್ತು. ಪುಸ್ತಕ ಕೊಂಡು ಓದುವವರಿಗೆ ಆ ದನಿ ಎಲ್ಲಿ ಕೇಳಬೇಕು? ನನಗೆ ಕೇಳುತ್ತಿತ್ತು.

ಕೊನೆಯ ಪುಸ್ತಕ ಚರ್ಚಿನಲ್ಲಿ ಆರ್ಗನ್ ನುಡಿಸುವವನ ಕೊಲೆಯದು. "ಔಷಧಿ ಅಂಗಡಿಯವನ ಅಕ್ಕ," ಎಂದೆ. ಮಿಸ್ ಗಾರ್ಬಟ್ ಹಾಳೆಗಳನ್ನು ಮಡಿಸಿಟ್ಟರು. ಬೇಸಿಗೆಯೆಲ್ಲ ಕೂತು ಬೇರೆ ಬರೆದರು. "ಡಾಕ್ಟರು, ಮಿಸ್." ಚಳಿಗಾಲದಲ್ಲಿ ಇನ್ನೊಂದು. "ಗಂಟೆ ಹೊಡೆಯೋನು."

ಅಷ್ಟರಲ್ಲಿ ಅಚ್ಚುಮನೆಯ ಹಳೆಯ ಯಜಮಾನರು ಕೆಲಸ ಬಿಟ್ಟಿದ್ದರು. ಹೊಸಬನೊಬ್ಬ ಲಂಡನ್ನಿನಿಂದ ಫೋನ್ ಮಾಡಿದ. ಮಾತು ಮುಗಿದ ಮೇಲೂ ಮಿಸ್ ಗಾರ್ಬಟ್ ಫೋನನ್ನು ಎದೆಗೆ ಹಿಡಿದು ನಿಂತಿದ್ದರು. "ಪಾದ್ರಿ, ಟೀ, ಆರ್ಗನ್ ಇವೆಲ್ಲ ಈಗ ಯಾರಿಗೆ ಬೇಕು ಅಂತಾನೆ. ಈಸ್ಟರ್‌ವರೆಗೆ ಕಾಯ್ತಾನಂತೆ. ಇದು ಬಂದ್ರೆ ಹಳೇವನ್ನೂ ಇನ್ನೊಮ್ಮೆ ಅಚ್ಚು ಹಾಕ್ತಾರೆ. ಬರದಿದ್ರೆ ಯಾವುದೂ ಇಲ್ಲ."

ಈಸ್ಟರ್‌ಗೆ ಸ್ವಲ್ಪ ಮುಂಚೆ ಅವರು ಹೊಸದಾಗಿ ಬರೆದದ್ದನ್ನು ಓದಿದಾಗ ಕೊಂದವಳು ಪಾದ್ರಿಯ ಮನೆಯ ಅಡುಗೆಯವಳೆಂದು ನನಗೆ ಅರ್ಧದಲ್ಲೇ ತಿಳಿಯಿತು. ಆದರೂ "ಸೋದರಳಿಯ" ಎಂದೆ.

ಅವರು ಮೂಗೆಳೆದು ವಾಸನೆ ನೋಡಿದರು. "ನನ್ನ ಬ್ಲೌಸಿನ ಕಾಲರ್ ಸುಟ್ಟಿದ್ದೀರಿ."

"ಕೈ ತಪ್ಪಿತು, ಮಿಸ್."

"ಕಥೆಯ ಅಡುಗೆಯವಳಿಗೆ ನಾನು ಬಿಸಿ ಸೂಪು ಕೊಟ್ಟ ಸಾಲಿಗೆ ನಿಮ್ಮ ಇಸ್ತ್ರಿ ಪೆಟ್ಟಿಗೆ ನಿಂತುಬಿಡ್ತು. ಅಲ್ಲೇ ಸುಟ್ಟದ್ದು. ನನಗೆ ಸುಳ್ಳು ಬೇಡ, ಮಿಸೆಸ್ ಕ್ಯಾಪಲ್‌ಮನ್. ಸುಳ್ಳು ಹೇಳೋರನ್ನ ದಿನಾ ಬರೀತೀನಿ."

"ಹಾಗಾದ್ರೆ ಬೇರೆ ಯಾರಿಗಾದ್ರೂ ಓದಿ. ಪಾದ್ರಿಯ ಹೆಂಡತಿಗೆ ಓದಿ."

"ಆಕೆಗೆ ಕೊಲೆಗಾರನನ್ನ ಕೈಹಿಡಿದು ಪರಿಚಯ ಮಾಡಿಸಿದ್ರೂ ಗೊತ್ತಾಗಲ್ಲ. ಆಕೆ ಮೋಸ ಹೋದ್ರೆ ನನಗೇನು ಬಂತು?"

ಈಸ್ಟರ್ ಬಂದು ಹೋಯಿತು. ಲಂಡನ್ನಿನಿಂದ ಮತ್ತೆ ಫೋನ್ ಬರಲಿಲ್ಲ. ಚರ್ಚಿನವರು ಹಳೆಯ ಸಾಮಾನು ಮಾರುವ ದಿನ ಮಿಸ್ ಗಾರ್ಬಟ್ ಅವರ ಪುಸ್ತಕಗಳು ನಾನು ಮಾರಲು ಕೂತ ಮೇಜಿಗೇ ಬಂದವು. ಜಾಮ್ ಬಾಟಲಿಯ ಜೊತೆ ಸುಮ್ಮನೆ ಕೊಡುತ್ತೇನೆಂದರೂ ಜನ ಜಾಮ್ ಮಾತ್ರ ಒಯ್ದರು. ಮಿಸ್ ಗಾರ್ಬಟ್ ಬರೆಯುವುದನ್ನು ನಿಲ್ಲಿಸಲಿಲ್ಲ. ಬೆರಳು ಟೈಪ್ ಯಂತ್ರದ ಕೀಲಿ ತಪ್ಪುತ್ತಿತ್ತು, ಓದುತ್ತ ಓದುತ್ತ ಕೆಮ್ಮು ಬರುತ್ತಿತ್ತು. ಒಮ್ಮೆ ಕೊಂದವಳು ಸತ್ತವನ ತಂಗಿ, ಇನ್ನೊಮ್ಮೆ ಕೊಂದವನು ಪೊಲೀಸಿನವನೇ. ಪ್ರತಿ ಸಲವೂ ನನಗೆ ತಿಳಿಯಿತು. ತಿಳಿಯದಿರಲಿ ಎಂದು ಮನಸ್ಸಿನಲ್ಲೇ ಹಾಡು ಹೇಳಿಕೊಂಡು ಇಸ್ತ್ರಿ ಹಾಕಿದೆ, ಆದರೂ ತಿಳಿಯಿತು.

ಕಫ ಎದೆಗಿಳಿದಾಗ ಅವರನ್ನು ಸ್ಕಾರ್ಬರೋ ಆಸ್ಪತ್ರೆಗೆ ಸೇರಿಸಿದರು. ಮಂಗಳವಾರಕ್ಕೆ ನಾನು ಬೇರೆ ಮನೆಯ ಕೆಲಸ ಹಿಡಿದಿರಲಿಲ್ಲ, ಬಸ್ಸು ಹತ್ತಿ ಅಲ್ಲಿಗೇ ಹೋಗುತ್ತಿದ್ದೆ. ಹಾಸಿಗೆಯ ಮೇಲೆ ಹಾಳೆಗಳಿರಲಿಲ್ಲ. "ಈ ಹೊದಿಕೆಗೆ ಇಸ್ತ್ರಿ ಹಾಕಿದವರು ಯಾರೋ, ಜೈಲಿಗೆ ಹಾಕಬೇಕು," ಎಂದು ಒಂದು ದಿನ ನಕ್ಕರು. ನಗು ಕೆಮ್ಮಾಗಿ ಬಹಳ ಹೊತ್ತು ನಿಲ್ಲಲಿಲ್ಲ.

ಕಡೆಯ ಮಂಗಳವಾರ ನಾನು ಹೋದಾಗ ಕಣ್ಣು ಮುಚ್ಚಿದ್ದರು. ನಿದ್ದೆಯೆಂದುಕೊಂಡು ಕುರ್ಚಿ ಎಳೆಯದೆ ನಿಂತೆ. ಅವರು ನನ್ನ ಮಣಿಕಟ್ಟನ್ನು ತಡವಿ ಹಿಡಿದುಕೊಂಡರು. ದನಿ ಕೇಳಲು ಬಾಯಿಯ ಹತ್ತಿರ ಕಿವಿಯಿಡಬೇಕಾಯಿತು.

"ಮಿಸೆಸ್ ಕ್ಯಾಪಲ್‌ಮನ್, ಯಾರನ್ನ ಕೊಲೆಗಾರ ಮಾಡಿದ್ರೆ ನಿಮಗೆ ಗೊತ್ತಾಗ್ತಿರ್ಲಿಲ್ಲ?"