ಹೊಂಗೆಯ ನೆರಳು, ಹುಲ್ಲಿನ ನೆನಪು

ನಮ್ಮ ಹಿತ್ತಲಿನ ಹೊಂಗೆ ಮರದ ಕೆಳಗೆ ನಾನು ನಾಲ್ಕು ಸಲ ಹುಲ್ಲು ಹಾಕಿಸಿದ್ದೇನೆ. ಐದು ಸಲವೂ ಇರಬಹುದು. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ನರ್ಸರಿಯಿಂದ ತಂದ ಹುಲ್ಲಿನ ಹಾಸು ಮೊದಲ ವಾರ ಹಸಿರು, ಎರಡನೆಯ ವಾರ ಹಳದಿ, ಮೂರನೆಯ ವಾರ ನನ್ನ ತಲೆಯಂತೆ: ಅಂಚಿನಲ್ಲಷ್ಟೇ ಒಂದಿಷ್ಟು.

ಸಾಯುವ ಹುಲ್ಲನ್ನು ಸಾಯಲು ಬಿಡಬಹುದಿತ್ತು. ಆದರೆ ಗೃಹಪ್ರವೇಶದ ದಿನ ಅಲ್ಲಿ ಹುಲ್ಲಿತ್ತಲ್ಲ! ಕುಂದಲಹಳ್ಳಿಯ ಕೆಂಪು ಧೂಳಿನ ನಡುವೆ ಗೋಡೆಯಿಂದ ಗೋಡೆಗೆ ಹಸಿರು. ಅದರ ಮೇಲೆ ಬರಿಗಾಲಲ್ಲಿ ನಿಂತು ಹೋಳಿಗೆ ತಿಂದದ್ದು ನನಗೆ ಇವತ್ತಿಗೂ ನೆನಪಿದೆ. ಇದ್ದದ್ದು ಇಲ್ಲವಾದರೆ ಕಾರಣ ಇರಲೇಬೇಕು. ಮರ ಬೆಳೆದಿದೆ, ನೆರಳು ದಟ್ಟವಾಗಿದೆ. ಅಪರಾಧಿ ಮರವೇ.

ತತ್ತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ, ಐಟಿ ಪಾರ್ಕಿನಲ್ಲಿ ಸಾಫ್ಟ್‌ವೇರ್ ಕೈಪಿಡಿ ಬರೆಯುವವನಿಗೆ ಇಷ್ಟು ತರ್ಕ ಧಾರಾಳವಾಗಿ ಸಾಕು. ಮರ ಕಡಿಯಲು ಅನುಮತಿ ಕೋರಿ ಅರ್ಜಿ ಬರೆಯಲು ಕುಳಿತೆ.

“ರೀ, ಇಲ್ಲಿ ಯಾವತ್ತೂ ಹುಲ್ಲಿರ್ಲಿಲ್ಲ ಕಣ್ರೀ,” ಎಂದಳು ಹೆಂಡತಿ. “ಮರ ಮುಟ್ಟಿದ್ರೆ ನಾನು ಸುಮ್ನಿರಲ್ಲ.”

‘ಇಲ್ಲಿ ಮೊದಲು ಸೊಂಪಾದ ಹುಲ್ಲಿತ್ತು’ ಎಂದು ಬರೆದಲ್ಲಿಗೆ ನನ್ನ ಪೆನ್ನೂ ನಿಂತಿತು. ನಮ್ಮ ನ್ಯಾಯದರ್ಶನದ ತರ್ಕಪಂಡಿತರು, ಅಂದರೆ ನೈಯಾಯಿಕರು, ನೋಡಿದ್ದನ್ನು ಪ್ರಮಾಣವೆಂದು ಒಪ್ಪುತ್ತಾರೆ, ಊಹಿಸಿದ್ದನ್ನೂ ಒಪ್ಪುತ್ತಾರೆ; ನೆನಪನ್ನು ಮಾತ್ರ ಬಾಗಿಲಾಚೆ ನಿಲ್ಲಿಸುತ್ತಾರೆ. ನನಗೊಂದು ಸಾಕ್ಷಿ ಬೇಕಿತ್ತು. ಪಕ್ಕದ ಮನೆಯ ಮುನಿಯಮ್ಮಜ್ಜಿಯನ್ನು ಕರೆತಂದೆ. ಈ ಸೈಟನ್ನು ನಮಗೆ ಮಾರಿದವರು ಅವರೇ.

ಅಜ್ಜಿ ಹಿಮ್ಮಡಿಯಿಂದ ನೆಲವನ್ನು ಎರಡು ಸಲ ಗುದ್ದಿ ನೋಡಿ, ನಗಲು ಶುರುಮಾಡಿದರು.

“ಉಲ್ಲಾ? ಇಲ್ಲಿಯಾ? ಅಯ್ಯೋ ಸಾರ್, ಇದು ನಮ್ ರಾಗಿ ಕಣ! ಒಂದ್ ಗರಿಕೇನೂ ಉಟ್ಬಾರ್ದು ಅಂತ ನಮ್ಮತ್ತೆ ಕಾಲದಿಂದ ನೀರ್ ಚೆಲ್ಲಿ, ಕಲ್ಲುಗುಂಡು ಎಳ್ದು, ಸಗಣಿ ಸಾರ್ಸಿ ಗಟ್ಟಿ ಮಾಡಿದ್ದೀವಿ. ಮಣ್ಣು ಇನ್ನೂ ಆ ಮಾತು ಮರ್ತಿಲ್ಲ.”

ಆಮೇಲೆ ಮರದ ಬೊಡ್ಡೆಯ ಮೇಲೆ ಕೈಯಿಟ್ಟರು. “ಇದನ್ನ ಕಣದ ಅಂಚಲ್ಲಿ ನಾನೇ ನೆಟ್ಟಿದ್ದು. ತೆನೆ ಬಡ್ದು ಸುಸ್ತಾದೋರು ಕೂರಾಕೆ ಅಂತ. ಸೈಟ್ ಮಾರ್ದಾಗ ಇದೊಂದು ಉಳೀತಲ್ಲ ಅಂದ್ಕೊಂಡಿದ್ದೆ.”

ನನ್ನ ಜೇಬಿನಲ್ಲಿದ್ದ ಅರ್ಜಿ ಚುಚ್ಚಿತು. “ಹಾಗಾದ್ರೆ ಗೃಹಪ್ರವೇಶದ ದಿನ ನಾನು ಕಂಡ ಹುಲ್ಲು?” ಎಂದೆ, ಕ್ಷೀಣವಾಗಿ.

ಹೆಂಡತಿ ಒಳಗಿನಿಂದ ಆಲ್ಬಂ ತಂದಳು. ಆಗ ಇನ್ನೂ ಫೋಟೋ ಪ್ರಿಂಟ್ ಹಾಕಿಸುವ ಕಾಲ. ಅದರಲ್ಲಿ ನಾನು ಹೋಳಿಗೆ ಹಿಡಿದು ಬರಿಗಾಲಲ್ಲಿ ನಿಂತಿದ್ದೇನೆ, ನಿಜ. ಕಾಲಡಿ ಹಸಿರು, ಅದೂ ನಿಜ. ಆ ಹಸಿರಿನ ಒಂದು ಮೂಲೆ ಮಾತ್ರ ಹಪ್ಪಳದಂತೆ ಮೇಲಕ್ಕೆ ಸುರುಟಿಕೊಂಡಿದೆ. ಶಾಮಿಯಾನದವರು ಹಾಸಿದ್ದ ಪ್ಲಾಸ್ಟಿಕ್ ಚಾಪೆ!

ಹಗ್ಗದಲ್ಲಿ ಹಾವು ಕಂಡವರ ಕಥೆ ಓದಿ ಪರೀಕ್ಷೆ ಪಾಸು ಮಾಡಿದವನು ಚಾಪೆಯಲ್ಲಿ ಹುಲ್ಲು ಕಂಡಿದ್ದೆ. ಹಾವು ಕಂಡವನು ಹೆದರಿ ಓಡುತ್ತಾನೆ, ಅಷ್ಟೇ. ನಾನು ನೆರಳಿಗೇ ಗರಗಸ ಹಿಡಿಯಲು ಹೊರಟಿದ್ದೆ.

“ಓಗ್ಲಿ ಬಿಡಿ ಸಾರ್,” ಎಂದರು ಅಜ್ಜಿ. “ಆ ಚಾಪೆಗೆ ಮಾತ್ರ ನೀರ್ ಆಕ್ಬ್ಯಾಡಿ.” ಹೆಂಡತಿ ನಕ್ಕ ನಗೆಗೆ ಮರದ ಮೇಲಿನ ಕಾಗೆ ಹಾರಿಹೋಯಿತು.

ಅರ್ಜಿ ಹರಿದೆ. ಅಂಗಡಿಯಿಂದ ಅಂಥದ್ದೇ ಹಸಿರು ಚಾಪೆ ಕೊಂಡು ತಂದೆ. ಈಗ ಭಾನುವಾರ ಸಂಜೆ ಅಜ್ಜಿಯೂ ಸೇರಿ ನಾವು ಮೂವರೂ ಅದರ ಮೇಲೆ ಕುಳಿತು ಕಾಫಿ ಕುಡಿಯುತ್ತೇವೆ. ಹೊಂಗೆ ಹೂ ಲೋಟದೊಳಕ್ಕೂ ಉದುರುತ್ತದೆ.

ಮೊನ್ನೆ ಮನೆಗೆ ಬಂದ ನನ್ನ ಷಡ್ಡಕರು ಹಿತ್ತಲನ್ನು ನೋಡಿ ನೊಂದುಕೊಂಡರು. “ಗೃಹಪ್ರವೇಶದಲ್ಲಿ ಇಲ್ಲಿ ಎಷ್ಟು ಚೆನ್ನಾಗಿ ಹುಲ್ಲಿತ್ತು! ನನಗಿನ್ನೂ ನೆನಪಿದೆ.”

ಹೆಂಡತಿ ಆಲ್ಬಂ ತರಲು ಎದ್ದಳು. ನಾನು ಕಣ್ಣಲ್ಲೇ ತಡೆದೆ. “ಹೌದು, ಬಹಳ ಚೆನ್ನಾಗಿತ್ತು,” ಎನ್ನುತ್ತಾ ಅವರಿಗಾಗಿ ಚಾಪೆ ಬಿಡಿಸಿದೆ.