ಓಡುವುದನ್ನೂ ಕಲಿಸಬೇಕೇ?

ಮೂರು ದಿನದಿಂದ ನಮ್ಮ ಪಡಸಾಲೆಯಲ್ಲಿ ನೋವಿನ ಸ್ಪ್ರೇಯ ಘಾಟು. ಮೊಮ್ಮಗಳು ನೀಲಾ ರಜೆಗೆ ಬಂದಿದ್ದಾಳೆ, ಅದಕ್ಕೇ. ನಮಸ್ಕಾರ ಮಾಡಲು ಬಗ್ಗಿದವಳು ಅಲ್ಲೇ ಕುಳಿತು ನನ್ನ ಮೊಣಕಾಲು ಹಿಚುಕಿ ನೋಡಿದಳು. ಆಮೇಲೆ ಸೊಂಟ, ಮೊಣಕಾಲು, ಹಿಮ್ಮಡಿಗೆಲ್ಲ ಬಿಳಿ ಚುಕ್ಕೆ ಅಂಟಿಸಿ, ಅಂಗಳದಲ್ಲಿ ಆರು ಸಲ ಅಡ್ಡಾಡಿಸಿ, ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿದುಕೊಂಡಳು. ದನದ ಸಂತೆಯಲ್ಲಿ ಎತ್ತು ನಡೆಸಿ ನೋಡುತ್ತಾರಲ್ಲ, ಹಾಗೆ. ಓಣಿಯ ಜನವೆಲ್ಲ ನಿಂತು ನೋಡಿತು.

"ಅಜ್ಜಾ, ಬಲಗಾಲು ಎಳದ ಇಡ್ತಿ" ಎಂದಳು. ಎಪ್ಪತ್ತಾರು ವರ್ಷದಿಂದ ನಡೆಯುತ್ತಿರುವವನಿಗೆ ನಡಿಗೆಯ ಪಾಠ!

ಏನು ಹೇಳಲಿ, ಅವಳು ಓದಿದ್ದೇ ಅದನ್ನು. ಮನುಷ್ಯ ಹೇಗೆ ನಡೆಯುತ್ತಾನೆ, ಹೇಗೆ ಓಡುತ್ತಾನೆ, ಹೇಗೆ ಜಿಗಿಯುತ್ತಾನೆ ಎಂದು ವರ್ಷಗಟ್ಟಲೆ ಓದಿ ಡಾಕ್ಟರ್ ಆಗಿದ್ದಾಳೆ. ಧಾರವಾಡದಲ್ಲಿ ಅದನ್ನೇ ಪಾಠ ಮಾಡುತ್ತಾಳೆ. ಈ ಸುದ್ದಿಯನ್ನು ನಾನು ಡಂಬಳದಲ್ಲಿ ಒಂದು ಮನೆ ಬಿಡದೆ ಹೇಳಿ ಬಂದಾಗ ಚಹಾದಂಗಡಿಯ ಬಸಪ್ಪ ಕೇಳಿದ: "ಡಾಕ್ಟರ್ ಅಂದ್ರ, ಜ್ವರಕ್ಕ ಗುಳಿಗಿ ಕೊಡ್ತಾಳೇನೋ?" "ಇಲ್ಲ, ನಡಿ ಅಂತಾಳ" ಎಂದೆ. "ಅದನ್ನ ನನ್ನ ಹೇಂತಿನೂ ಅಂತಾಳ ತಗೋ" ಎಂದ. ನಾನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು, ಚಹಾದ ದುಡ್ಡು ಕೊಟ್ಟು ಎದ್ದುಬಂದೆ.

ಈ ದೇಹದ ಪಂಡಿತರ ಕಾಟ ನನಗೆ ಇಂದಿನದಲ್ಲ. ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಎಲ್ಲಕ್ಕೂ ಧಾರವಾಡಕ್ಕೆ ಓಡುತ್ತಿದ್ದ ನಾವು ಇನ್ನು ಗದಗಿಗೆ ಹೋದರೆ ಸಾಕು ಎಂದು ಖುಷಿಯಲ್ಲಿದ್ದೆವು. ಆಗ ನಮ್ಮೂರ ಶಾಲೆಗೆ ದೈಹಿಕ ಶಿಕ್ಷಣದ ನದಾಫ್ ಮಾಸ್ತರರು ಬಂದರು. ಕೊರಳಲ್ಲಿ ಸೀಟಿ, ಬಾಯಲ್ಲಿ ಬರೀ ಕೈಕಾಲಿನ ಮಾತು. ದಿನಾ ಸಂಜೆ ನಮ್ಮ ಕಟ್ಟೆಗೆ ಹಾಜರ್.

"ನಿಮ್ಮ ಮೊಮ್ಮಗಳು ಭಾರೀ ಓಡ್ತಾಳ್ರಿ ಯಜಮಾನ್ರ. ಆದ್ರ ತಪ್ಪು ಓಡ್ತಾಳ."

"ಓಡೂದ್ರಾಗ ಎಂಥಾ ತಪ್ಪ್ರೀ? ಬಿದ್ರ ತಪ್ಪು."

"ಕೈ ಹಿಂಗ ಬೀಸಬಾರ್ದ್ರಿ, ಹಿಂಗ ಬೀಸಬೇಕು."

"ಮೊಲಕ್ಕ ಯಾವ ಮಾಸ್ತರ ಕಲಿಸ್ಯಾನ್ರೀ?"

"ಮೊಲದ ಬೆನ್ನಿಗೆ ನಾಯಿ ಇರ್ತೈತ್ರಿ. ಈಕಿ ಬೆನ್ನಿಗೆ ನಾನರ ಇರಬೇಕಲ್ರಿ!"

ಜಿಲ್ಲೆಯ ಓಟದಲ್ಲಿ ಮೊದಲ ಇಬ್ಬರೊಳಗೆ ಬಂದರೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು. ಊಟ, ಶಾಲೆ, ಓಟ ಎಲ್ಲ ಅಲ್ಲೇ ಎಂದು ಅವರು ಹೇಳಿದ್ದರು. ಮಗ, ಸೊಸೆ ಒಪ್ಪಿದರು. ಗೊಣಗಿದವನು ನಾನೊಬ್ಬನೇ. ಹತ್ತು ವರ್ಷದ ನೀಲಾ ಮಾತ್ರ ಆಗಲೇ ಎರಡು ಲಂಗ ಮಡಚಿ ಕೈಚೀಲಕ್ಕೆ ಹಾಕಿಟ್ಟಿದ್ದಳು.

ನಾನೂ ಒಬ್ಬ ಮಾಸ್ತರನೇ ಅನ್ನಿ. ಅವಳು ಐದು ವರ್ಷದವಳಿದ್ದಾಗ, ಬಿತ್ತುವ ದಿನ ಕೂರಿಗೆಯ ಹಗ್ಗವನ್ನು ಚಂಗನೆ ಜಿಗಿದಳು. ನಾನು ಬಾರುಕೋಲು ಎತ್ತಿ ಗದರಿಸಿದೆ: "ಹೆಣ್ಣುಮಕ್ಕಳು ಹಗ್ಗ ದಾಟಬಾರದವ್ವಾ, ಬೆಳಿ ಕೈಗೆ ಹತ್ತೂದಿಲ್ಲ! ಹಗ್ಗ ಕಂಡ್ರ ನಿಂದ್ರು. ಬಗ್ಗಿ ಹೋಗು, ಇಲ್ಲಾ ಸುತ್ತು ಹಾಕು." ನಮ್ಮಜ್ಜ ಹೇಳಿದ್ದು, ನಾನು ಹೇಳಿದೆ. ಯಾಕೆಂದು ನಾನೂ ಕೇಳಿರಲಿಲ್ಲ, ಅವಳೂ ಕೇಳಲಿಲ್ಲ.

ಓಟದ ದಿನ ರೊಟ್ಟಿ ಬುತ್ತಿ ಹಿಡಿದು, ಗೊಣಗುತ್ತಲೇ ಬಸ್ಸು ಹತ್ತಿದೆ. ಗದಗಿನ ಬಯಲಿನಲ್ಲಿ ಸೀಟಿ ಊದಿದ್ದೇ ತಡ, ನನ್ನ ಗೊಣಗಾಟ ಎಲ್ಲಿ ಹೋಯಿತೋ! ಹುಡುಗಿ ಓಡುತ್ತಿರಲಿಲ್ಲ, ಹಾರುತ್ತಿದ್ದಳು. ಉಳಿದವರು ಹತ್ತು ಮಾರು ಹಿಂದೆ. ನಾನು ರುಮಾಲು ಬಿಚ್ಚಿ ಬೀಸುತ್ತ ಕೂಗುತ್ತಿದ್ದೆ.

ಊರ ಶಾಲೆಯಲ್ಲಿ ಓಟದ ಕೊನೆಗೆ ಸುಣ್ಣದ ಗೆರೆ ಎಳೆಯುತ್ತಿದ್ದರು. ಇಲ್ಲಿ ಇಬ್ಬರು ಈ ಕಡೆ ಆ ಕಡೆ ನಿಂತು ಕೆಂಪು ಉಣ್ಣೆಯ ದಾರ ಬಿಗಿಹಿಡಿದಿದ್ದರು. ಗಾಳಿಯ ಹಾಗೆ ಬಂದ ನೀಲಾ ಆ ದಾರದ ಮುಂದೆ ಗಕ್ಕನೆ ನಿಂತಳು. ಎಡಬಲ ನೋಡಿದಳು. ಸಾವಕಾಶ ಬಗ್ಗಿದಳು. ಅವಳು ಬಗ್ಗುವಷ್ಟರಲ್ಲಿ ಮೂವರು ಹುಡುಗಿಯರು ದಾರವನ್ನು ಎದೆಯಿಂದ ಹರಿದುಕೊಂಡು ಹೋಗಿಬಿಟ್ಟರು.

"ಯಾಕ ನಿಂತೀ? ಅಯ್ಯೋ, ಯಾಕ ನಿಂತ್ಯವ್ವಾ?" ಎಂದು ಮಾಸ್ತರರು ತಲೆ ಹಿಡಿದುಕೊಂಡರು. ಅವಳು ಅವರನ್ನು ದಾಟಿ ಸೀದಾ ನನ್ನ ಬಳಿ ಓಡಿಬಂದಳು. ಮುಖ ಅರಳಿತ್ತು.

"ಅಜ್ಜಾ, ನೋಡಿದೀ? ನಾ ಹಗ್ಗ ದಾಟಲಿಲ್ಲ!"

ಮಾಸ್ತರರು ನನ್ನನ್ನು ನೋಡಿದರು. ನಾನು ಬುತ್ತಿಯ ಗಂಟು ನೋಡಿದೆ.

ಸೋತೆನೆಂದು ಬಸ್ಸಿನಲ್ಲಿ ಗೊತ್ತಾದಾಗಲೂ ಅವಳು ಅಳಲಿಲ್ಲ. ಮನೆಗೆ ಬಂದು ಚೀಲದಿಂದ ಎರಡೂ ಲಂಗ ತೆಗೆದು ಗೂಟಕ್ಕೆ ಹಾಕಿದಳು. ಅತ್ತಿದ್ದರೆ ಚೆನ್ನಾಗಿತ್ತು.

ಮರುದಿನ ಮಾಸ್ತರರ ಮೇಲೆ ಹರಿಹಾಯ್ದೆ. ಮೊಣಕೈ ಕಲಿಸಿದಿರಿ, ಉಸಿರು ಕಲಿಸಿದಿರಿ, ಒಂದು ಗೇಣು ದಾರದ ಮಾತು ಹೇಳಲಾಗಲಿಲ್ಲವೇ ಎಂದು. ಅವರು ಎದುರಾಡಲಿಲ್ಲ. "ಕೈಕಾಲು ನಾ ಕಲಿಸಿದೆ. ತಲಿಯಾಗ ನೀವು ಏನು ತುಂಬೀರಿ ಅಂತ ಕೇಳಿಕೋಬೇಕಿತ್ತ್ರಿ. ತಪ್ಪು ನಂದೂ ಐತಿ" ಎಂದರು. ಇಂಥವರ ಜೊತೆ ಜಗಳವಾದರೂ ಹೇಗೆ ಆಡುವುದು?

"ಇನ್ನೊಂದು ವರ್ಷ ಕಲಿಸ್ರಿ" ಎಂದೆ.

ಅಂದಿನಿಂದ ದಿನಾ ಸಂಜೆ ಕೆರೆಯ ಏರಿಯ ಮೇಲೆ ದಾರದ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಹುಡುಗಿ ಓಡಿಬರುತ್ತಾಳೆ, ನನ್ನ ಮುಖ ನೋಡುತ್ತಾಳೆ, ನಿಲ್ಲುತ್ತಾಳೆ. ಹರಿ ಎಂದರೂ ಇಲ್ಲ, ಬೈದರೂ ಇಲ್ಲ. ನಾಲ್ಕನೆಯ ದಿನ ಮಾಸ್ತರರು ಸುಸ್ತಾಗಿ, "ಯಜಮಾನ್ರ, ನೀವ ಹರದು ತೋರಸ್ರಿ" ಎಂದರು.

ಐವತ್ತರ ಹತ್ತಿರದ ಗಂಡಸು ನಾನು, ಧೋತರ ಮೇಲೆ ಕಟ್ಟಿ ಏರಿಯ ಮೇಲೆ ಓಡಿದೆ. ಬಟ್ಟೆ ಒಗೆಯುತ್ತಿದ್ದ ಹೆಣ್ಣುಮಕ್ಕಳು, "ಕಾಕಾ, ಬೆನ್ನ ಹತ್ತಿದ್ದು ಹೋರಿನೋ, ನಮ್ಮ ಕಾಕಿನೋ?" ಎಂದು ಕೇಕೆ ಹಾಕಿದರು. ನಾನು ಎದೆ ಕೊಟ್ಟು ದಾರ ಹರಿದೆ. ನೀಲಾ ಬಿದ್ದು ಬಿದ್ದು ನಕ್ಕಳು. ನಕ್ಕವಳು ಹಾಗೇ ಓಡಿಬಂದು ತಾನೂ ಹರಿದಳು. ಆ ವರ್ಷ ಕಡಲೆ ಚೆನ್ನಾಗಿಯೇ ಬಂತು. ಮರುವರ್ಷ ಅವಳು ಮೊದಲು ಬಂದು ಹಾಸ್ಟೆಲಿಗೆ ಹೋದಳು.

ಆದರೂ ಆ ಒಂದು ವರ್ಷ ನನ್ನಿಂದ ಹೋಯಿತಲ್ಲ. ಇಷ್ಟು ದಿನ ಕೇಳಿರಲಿಲ್ಲ. ಇಂದು ಬೆಳಿಗ್ಗೆ, ನನ್ನ ಪಾದ ತನ್ನ ತೊಡೆಯ ಮೇಲಿಟ್ಟುಕೊಂಡು ಅವಳು ಅದೇನೋ ಅಳೆಯುತ್ತಿದ್ದಾಗ ಕೇಳಿಬಿಟ್ಟೆ.

"ಅವತ್ತು ಸೋತದ್ದಕ್ಕ ನನ್ನ ಮ್ಯಾಲೆ ಸಿಟ್ಟಿತ್ತೇನವ್ವಾ?"

"ಇತ್ತು" ಎಂದಳು, ತಲೆ ಎತ್ತದೆ. "ಹಾಸ್ಟೆಲಿಗೆ ಹೋದ ಮ್ಯಾಲೂ ಇತ್ತು."

"ಈಗ?"

"ಈಗ ಮೊಣಕಾಲು ಮಡಚು. ಹತ್ತು ಸಲ. ಗೊಣಗಬ್ಯಾಡ."

ಗೊಣಗದೆ ಮಡಚಿದೆ. ಅವಳು ಬಾಯಿಬಿಟ್ಟು ಎಣಿಸಿದಳು. ಹತ್ತು ಮುಗಿದ ಮೇಲೆ, ಅವಳು ಹೇಳದಿದ್ದರೂ, ಇನ್ನೊಂದು ಸಲ ಮಡಚಿದೆ.