ಎಣ್ಣೆ ಅಂಗಡಿಯವರ ಆಣೆ

ಮೊನ್ನೆ ಮಾವನ ಊರು ತೆಲಿಗಿಗೆ ಹೋದಾಗ ಅವನ ಹಿತ್ತಲ ಕೋಣೆಯ ಬಾಗಿಲು ತೆರೆದೆ. ಕೊಳೆತ ಬೆಳ್ಳುಳ್ಳಿಯಂಥ ಘಾಟು ಮೂಗಿಗೆ ಬಡಿಯಿತು. ಕೀಟನಾಶಕದ್ದು, ನಮ್ಮ ಕಡೆ ಅದಕ್ಕೆ ಎಣ್ಣೆ ಎನ್ನುತ್ತಾರೆ. ಘಾಟಿನ ಹಿಂದೆಯೇ ಒಂದು ಮುಖ ಬಂತು, ರಕ್ತ ಸುರಿಯುವ ಬಾಯಿಯ ಮುಖ...

ಆ ಮುಖದವರದು ಹರಪನಹಳ್ಳಿಯಲ್ಲಿ ಎಣ್ಣೆ ಅಂಗಡಿ. ತೊಂಬತ್ತರ ದಶಕದ ಕೊನೆಯ ಮಾತು. ಮಾವನ ದಾಳಿಂಬೆ ತೋಟಕ್ಕೆ ಪತಂಗ ಬಿದ್ದಿತ್ತು. ಅದರ ಮರಿಹುಳ ಕಾಯಿ ಕೊರೆದು ಒಳಗೆ ಸೇರುತ್ತಿತ್ತು. ಮೊದಮೊದಲು ಒಂದು ಸಲ ಹೊಡೆದರೆ ಸಾಯುತ್ತಿದ್ದ ಹುಳ, ಬರುಬರುತ್ತ ಎಷ್ಟು ಹೊಡೆದರೂ ಸಾಯಲಿಲ್ಲ. ಅವರ ಅಂಗಡಿಯಿಂದ ತಂದ ಎಣ್ಣೆಯೇ ಕಲಬೆರಕೆ ಎಂದ ಮಾವ. ಇಂಥ ಜಗಳ ನಮ್ಮಲ್ಲಿ ಮಠದ ಗದ್ದುಗೆಯ ಮುಂದೆ ತೀರಬೇಕು. ಅಂಗಡಿಯವರು ಬಂದು ಗದ್ದುಗೆ ಮುಟ್ಟಿ, ಎಣ್ಣೆ ಶುದ್ಧ ಎಂದು ಆಣೆ ಮಾಡಿದರು. ಊರವರು ಅದೇ ಎಣ್ಣೆಯನ್ನು ತೋಟಕ್ಕೆ ಮತ್ತೆ ಹೊಡೆಸಿದರು. ಹುಳ ಬದುಕಿಕೊಂಡವು. ಆಣೆ ಸುಳ್ಳು ಎನ್ನುವುದಕ್ಕೆ ಊರಿಗೆ ಅಷ್ಟೇ ಸಾಕ್ಷಿ ಸಾಕಾಯಿತು.

ಕಂಡದ್ದು, ಕೇಳಿದ್ದು ನನ್ನಲ್ಲಿ ಕಲಸಿಹೋಗಿವೆ. ಕಾಲೇಜಿನ ರಜೆಗೆ ಬಂದಿದ್ದೆ, ತೋಟದಲ್ಲಿದ್ದೆ, ಅಷ್ಟು ಖಾತ್ರಿ. ಅಂಗಡಿಯವರನ್ನು ತೋಟಕ್ಕೆ ಕರೆಸಿದ ಮಾವ ಅವರ ಕುತ್ತಿಗೆ ಹಿಡಿದು ಗಿಡದ ಬುಡಕ್ಕೆ ಕೆಡವಿದ. ಕಾಯಿ ಸೀಳಿ ಹುಳವನ್ನು ಅವರ ಕೆನ್ನೆಗೆ ಒರೆಸಿದ.

"ನೋಡಲೇ ಸಾವಕಾರ, ಮದುವಿ ಊಟ ಉಂಡಂಗ ಹೆಂಗ ಕೊಬ್ಬ್ಯಾವ."

"ಎಣ್ಣಿ ಖರೇ ಐತ್ರಿ ಗೌಡ್ರ. ಒಂದ ಎಣ್ಣಿ ಹೊಡದು ಹೊಡದು ಹುಳಕ್ಕ ರೂಢಿ ಆಗೇತ್ರಿ."

"ರೂಢಿ? ನನ್ನ ಬೈಗುಳ ನನ್ನ ಹೆಂಡ್ತಿಗೇ ಇನ್ನೂ ರೂಢಿ ಆಗಿಲ್ಲ, ಹುಳಕ್ಕ ಆತೇನು?"

ಸುತ್ತ ನಿಂತವರು ನಕ್ಕರು. ನಾನೂ ನಕ್ಕೆನೋ ಏನೋ... ಮಾವ ಎಣ್ಣೆಯ ಡಬ್ಬಿಯ ಮುಚ್ಚಳ ತೆಗೆದ.

"ನೀರಿನಂಥದಾದ್ರ ಏನೂ ಆಗಂಗಿಲ್ಲ. ಕುಡಿ."

ಅವರು ಹಲ್ಲು ಕಚ್ಚಿ ತಲೆ ಕೊಡವಿದರು. ಮಾವ ಸ್ಪ್ರೇಯರಿನ ಹಿತ್ತಾಳೆ ಕೊಳವೆಯಿಂದ ಬಾಯಿಗೇ ಬಾರಿಸಿದ. ಹಲ್ಲು ಮುರಿದ ಸದ್ದು ಕೇಳಿದೆ ಎಂದು ನಂಬಿದ್ದೇನೆ. ತುಟಿ ಹರಿದು ನೇತಾಡಿತು. ಮತ್ತೆ ಬಾರಿಸಿದ. ಎಣ್ಣೆ ಚೆಲ್ಲಿ ಕಣ್ಣಿಗೆ ಹೋಯಿತು. ಅವರು ಮಣ್ಣು ಪರಚುತ್ತ ಹೊರಳಾಡಿದರು. ಆಗಲೂ ಬಾಯಿ ತೆರೆಯಲಿಲ್ಲ.

ಜೀವ ಉಳಿಯಿತು, ಒಂದು ಕಣ್ಣು ಹೋಯಿತು. ಆಸ್ಪತ್ರೆಯವರ ಮುಂದೆ ಅವರೇ, ಬಿದ್ದು ಗಾಯವಾಯಿತು ಎಂದರಂತೆ. ಆಣೆ ತಪ್ಪಿದವನೆಂದು ಯಾರೂ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಮಾವ ದಾವಣಗೆರೆಯಿಂದ ಬೇರೆ ಎಣ್ಣೆ ತಂದು ಸುರಿದ. ಹುಳ ಅದಕ್ಕೂ ಜಗ್ಗಲಿಲ್ಲ. ಕೊನೆಗೆ ಕೊಡಲಿ ತೆಗೆದುಕೊಂಡು ತೋಟವನ್ನೇ ಕಡಿದ.

ಮೊನ್ನೆ ಮಾವನ ಮುಂದೆ ಅಂಗಡಿಯವರ ಮಾತು ತೆಗೆದೆ.

"ಖರೇ ಇದ್ದವ ಯಾಕ ಅಷ್ಟು ಬಾಯಿ ಬಿಗಿಹಿಡೀತಾನ? ಕುಡೀಬೇಕಿತ್ತು."

"ಎಣ್ಣಿ ಖರೇ ಇತ್ತು ಮಾವ. ಅದಕ್ಕ ಬಿಗಿಹಿಡಿದ್ರು."

ಮಾವ ಎದ್ದು ನಿಂತ. ಆಮೇಲೆ, "ಎಲ್ಲಿ ಅದಾನ ಈಗ?" ಎಂದು ಕೇಳಿದ. ಹೋಗಿ ಬರೋಣ ಎನ್ನುವವನಂತೆ ಟವೆಲ್ಲು ಹೆಗಲಿಗೆ ಹಾಕಿಕೊಂಡಿದ್ದ.

ಅವರು ಮಣ್ಣಾಗಿ ಎಷ್ಟೋ ವರ್ಷವಾಯಿತು ಎಂದೆ.